ಉಳಿದ ಕೋಟಾ ಎಷ್ಟು, ಮೊಬೈಲಿಗೇ ಬರಲಿ

2024ರ ಫೆಬ್ರುವರಿಯಲ್ಲಿ ಬೆಂಬಲ ಬೆಲೆಗೆ ಉಂಡೆ ಕೊಬ್ಬರಿ ಮಾರಲು ಹೆಸರು ಬರೆಸುವುದಕ್ಕೆ ಚನ್ನರಾಯಪಟ್ಟಣ ತಾಲ್ಲೂಕಿನ ರೈತರು ರಾತ್ರಿಯೇ ಬಂದು ಸಾಲು ಹಿಡಿದಿದ್ದರು. ಕ್ವಿಂಟಲಿಗೆ 12,000 ರೂಪಾಯಿ, ಮೇಲೆ ರಾಜ್ಯದ 1,500. ಮಾರುಕಟ್ಟೆಯಲ್ಲಿ ಅಷ್ಟು ಎಲ್ಲಿತ್ತು? ರಾಜ್ಯಕ್ಕೆ ಮೊದಲು ಗೊತ್ತುಮಾಡಿದ್ದ 62,500 ಟನ್ ಕೋಟಾ ಕೆಲವೇ ದಿನಗಳಲ್ಲಿ ಭರ್ತಿಯಾಯಿತು. ಅಕ್ರಮದ ದೂರು ಬಂದು, ನೋಂದಣಿ ರದ್ದಾಗಿ, ಮಾರ್ಚ್‌ನಲ್ಲಿ ಮತ್ತೆ ಮೊದಲಿನಿಂದ ಶುರುವಾಯಿತು. ‘ಇನ್ನೆಷ್ಟು ಉಳಿದೈತಂತೆ?’ ಅನ್ನುವುದಕ್ಕೆ ಸಾಲಿನಲ್ಲಿ ನಿಂತವರಿಗೆ ಉತ್ತರ ಸಿಗಲಿಲ್ಲ. ಆ ಲೆಕ್ಕ ಇದ್ದದ್ದು ನೋಂದಣಿ ಕೇಂದ್ರದ ಕಂಪ್ಯೂಟರಿನಲ್ಲಿ.

ನಾನು ವೆಬ್‌ಸೈಟು ಕಟ್ಟಿ ಬದುಕುವವನು. ಹಿರೀಸಾವೆ ಹೋಬಳಿಯಲ್ಲಿ ತೆಂಗಿನ ತೋಟವೂ ಇದೆ. ಆ ಅಂಕಿಯನ್ನು ಹೊರಗೆ ಕಳಿಸುವುದು ಎಷ್ಟು ಸಲೀಸು ಅಂತ ಗೊತ್ತಿರುವುದರಿಂದಲೇ ನನಗೆ ಸಿಟ್ಟು.

ಸಾಮಾನ್ಯ ಪುಟವಾದರೆ ನಾವೇ ರಿಫ್ರೆಶ್ ಒತ್ತುತ್ತಿರಬೇಕು. ಸಾವಿರ ಜನ ಐದು ಸೆಕೆಂಡಿಗೊಮ್ಮೆ ಒತ್ತಿದರೆ ಸರ್ವರ್ ನಿಮಿಷಕ್ಕೆ 12,000 ಸಲ ಅದೇ ಉತ್ತರ ಒಪ್ಪಿಸಬೇಕು. ಆಮೇಲೆ ‘ಸರ್ವರ್ ಡೌನ್’ ಗೊತ್ತೇ ಇದೆಯಲ್ಲ. ಅದರ ಬದಲು ಬ್ರೌಸರ್ ಒಂದು ಸಲ ಸಂಪರ್ಕ ತೆರೆದು, ಹಿರೀಸಾವೆಯ ಕೋಟಾ ಬೇಕು ಅಂತ ಚಂದಾ ಬರೆಸಿ ಸುಮ್ಮನಿರಲಿ. ಅಂಕಿ ಬದಲಾದಾಗ ಸರ್ವರೇ ಕಳಿಸುತ್ತದೆ. ನೋಂದಣಿ ಮಾಡುವ ತಂತ್ರಾಂಶಕ್ಕೆ ನೋಡುವವರು ಹತ್ತು ಜನವೋ ಹತ್ತು ಸಾವಿರವೋ ತಿಳಿಯಬೇಕಿಲ್ಲ. ನಡುವೆ ರೆಡಿಸ್‌ನಂಥ ಇನ್ನೊಂದು ತಂತ್ರಾಂಶ ಕೂತು ಅಂಕಿಯನ್ನು ಎಲ್ಲರಿಗೂ ಹಂಚುತ್ತದೆ. ನೋಂದಣಿ ಕೇಂದ್ರದ ಬಾಗಿಲು ಹಾಕಿದ ಮೇಲೂ ಅಂಕಿ ಇಳಿದರೆ ಅದೂ ಊರಿಗೆಲ್ಲ ಕಾಣುತ್ತದೆ.

ನಮ್ಮ ಕಸುಬಿನವರು ಥಟ್ಟನೆ ವೆಬ್‌ಸಾಕೆಟ್ ಅನ್ನುತ್ತಾರೆ. 2011ರಲ್ಲಿ ಮಾನಕವಾದದ್ದು, ಎರಡೂ ಕಡೆಯಿಂದ ಮಾತಾಡಬಹುದು. ಚಾಟ್‌ಗೆ, ಆಟಕ್ಕೆ ಸರಿ. ಇಲ್ಲಿ ರೈತ ತಿರುಗಿ ಹೇಳಬೇಕಾದ್ದೇನಿಲ್ಲ (ಹೇಳುವುದು ಬೇಕಾದಷ್ಟಿದೆ, ಈ ಪುಟದಲ್ಲಿ ಅಲ್ಲ). ಸರ್ವರ್ ಕಡೆಯಿಂದಷ್ಟೇ ಸಂದೇಶ ಹೋಗುವ ಸರ್ವರ್-ಸೆಂಟ್ ಈವೆಂಟ್ಸ್ ಸಾಕು. ಮಾಮೂಲಿ ಎಚ್‌ಟಿಟಿಪಿಯಲ್ಲೇ ನಡೆಯುತ್ತದೆ, ಲೈಸೆನ್ಸಿನ ಖರ್ಚಿಲ್ಲ. ಪ್ರತಿ ಸಂದೇಶಕ್ಕೂ ಒಂದು ಕ್ರಮಸಂಖ್ಯೆ ಕೊಡಬಹುದು. ತೋಟದೊಳಗೆ ಸಿಗ್ನಲ್ ಕಡಿದರೆ ಬ್ರೌಸರ್ ತಾನಾಗಿ ಮತ್ತೆ ಸಂಪರ್ಕಿಸಿ ‘ನನಗೆ 41ರವರೆಗೆ ಬಂದಿದೆ’ ಅನ್ನುತ್ತದೆ. ಸರ್ವರಿನ ಕೋಡನ್ನು ಹಾಗೆ ಬರೆದಿಟ್ಟಿದ್ದರೆ ಅದು 42ರಿಂದ ಕೊಡುತ್ತದೆ. ಸರ್ವರಿನ ಮುಂದೆ ಎಂಜಿನ್‌ಎಕ್ಸ್‌ನಂಥ ಪ್ರಾಕ್ಸಿ ಇದ್ದರೆ ಬಫರಿಂಗ್ ಆಫ್ ಮಾಡುವುದನ್ನು ಮರೆಯಬಾರದು, ಇಲ್ಲದಿದ್ದರೆ ಸಂದೇಶಗಳು ಅಲ್ಲೇ ಗುಡ್ಡೆಬಿದ್ದು ತಡವಾಗಿ ಒಟ್ಟಿಗೆ ಬರುತ್ತವೆ. ಸ್ಕ್ರೀನ್ ಆರಿಸಿ ಜೇಬಿಗಿಟ್ಟ ಫೋನಿಗೆ ಇದು ಸಾಲದು; ಅದಕ್ಕೆ ನೋಟಿಫಿಕೇಶನ್ ಕಳಿಸುವ ವೆಬ್ ಪುಶ್ ಬೇಕು.

ವಾಟ್ಸಾಪ್ ಗ್ರೂಪ್ ಇದೆಯಲ್ಲ ಅನ್ನುತ್ತಾರೆ. ಯಾರೋ ಯಾವಾಗಲೋ ಹಾಕಿದ ಅಂಕಿ ಮಧ್ಯಾಹ್ನದ ಹೊತ್ತಿಗೆ ಹತ್ತು ಗ್ರೂಪು ಸುತ್ತಿರುತ್ತದೆ. ಅದನ್ನು ನಂಬಿ ಆಟೊ ಹತ್ತುವುದು ಹೇಗೆ?

2025ರಲ್ಲಿ ಕೊಬ್ಬರಿ ಧಾರಣೆ ಬೆಂಬಲ ಬೆಲೆಯನ್ನು ಎಷ್ಟೋ ದಾಟಿ ಹೋಯಿತು. ಮಾಡುವುದಿದ್ದರೆ ಇಂಥ ಬಿಡುವಿನಲ್ಲೇ ಮಾಡಬೇಕು. ಧಾರಣೆ ಬಿದ್ದ ವಾರ ಟೆಂಡರ್ ಕರೆದರೆ, ಸಾಫ್ಟ್‌ವೇರ್ ಬರುವಷ್ಟರಲ್ಲಿ ಕೋಟಾ ಮುಗಿದಿರುತ್ತದೆ.