ಸರ್ಕಾರಕ್ಕೆ ಅಂಜಿದೆವು, ಮಾಲೀಕನನ್ನು ಮರೆತೆವು

ಕನ್ನಡದ ಮೊದಲ ಪತ್ರಿಕೆಯ ಬೆನ್ನಿಗಿದ್ದದ್ದು ಬಾಸೆಲ್ ಮಿಷನ್. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ತೆಗೆದ ‘ಮಂಗಳೂರ ಸಮಾಚಾರ’ದ ನೆನಪಿಗೆ ನಾವು ವರ್ಷವರ್ಷವೂ ಪತ್ರಿಕಾ ದಿನ ಆಚರಿಸುತ್ತೇವೆ. ಹಾರ, ಶಾಲು, ಪತ್ರಿಕಾ ಸ್ವಾತಂತ್ರ್ಯದ ಮೇಲೊಂದು ಭಾಷಣ, ಆಮೇಲೆ ಊಟ. ಭಾಷಣದಲ್ಲಿ ಸರ್ಕಾರದ ಹೆಸರು ಬರುತ್ತದೆ, ಮಾಲೀಕನ ಹೆಸರು ಬರುವುದಿಲ್ಲ. ಅಷ್ಟು ವರ್ಷಗಳ ದಾರಿಯನ್ನು ಹಿಂತಿರುಗಿ ನೋಡಿದರೆ, ನಮ್ಮ ಎಚ್ಚರಿಕೆಯೆಲ್ಲ ಒಂದೇ ದಿಕ್ಕಿಗೆ ಖರ್ಚಾಯಿತೇನೋ ಎನ್ನಿಸುತ್ತದೆ.

ಹಾಗೆ ಖರ್ಚಾಗಲು ಕಾರಣವೂ ಇತ್ತು. 1908ರಲ್ಲಿ ಪತ್ರಿಕೆಗಳ ಬಾಯಿ ಕಟ್ಟುವ ಕಾಯ್ದೆ ತಂದದ್ದು ಬ್ರಿಟಿಷರಲ್ಲ, ನಮ್ಮದೇ ಮೈಸೂರು ಸಂಸ್ಥಾನ. ಆಗ ದಿವಾನರು ವಿ.ಪಿ. ಮಾಧವರಾಯರು. ತಾತಯ್ಯ ವೆಂಕಟಕೃಷ್ಣಯ್ಯನವರು ಅದಕ್ಕೆ ಪ್ರತಿಭಟನೆಯಾಗಿ ಪತ್ರಿಕೆ ನಿಲ್ಲಿಸಿದರೇ ಹೊರತು ಬರೆಯುವ ಧಾಟಿ ಬದಲಿಸಿಕೊಳ್ಳಲಿಲ್ಲ. ಆ ತಲೆಮಾರಿನಲ್ಲಿ ಸಂಪಾದಕನೇ ಮಾಲೀಕ, ಎಷ್ಟೋ ಸಲ ಅವನೇ ಗುಮಾಸ್ತ, ಸಾಲಗಾರನೂ ಅವನೇ. ಡಿ.ವಿ. ಗುಂಡಪ್ಪನವರು ಅದೇ ಅನುಭವದಿಂದ ಬಂದವರು. ‘ವೃತ್ತಪತ್ರಿಕೆ’ ಎಂಬ ಪುಸ್ತಕವನ್ನೇ ಬರೆದು ಈ ಕಸುಬಿಗೊಂದು ಧರ್ಮವುಂಟು ಎಂದು ಕಾಣಿಸಿಕೊಟ್ಟರು. ಉತ್ತರದಲ್ಲಿ ‘ಸಂಯುಕ್ತ ಕರ್ನಾಟಕ’ವನ್ನು ರಂಗನಾಥ ದಿವಾಕರ, ಮೊಹರೆ ಹನುಮಂತರಾಯರಂಥವರು ಸ್ವಾತಂತ್ರ್ಯ ಹೋರಾಟದ ಮುಂದುವರಿಕೆಯಾಗಿಯೇ ನಡೆಸಿದರು, ಮುಂದೆ ಅದು ಲೋಕಶಿಕ್ಷಣ ಟ್ರಸ್ಟಿನ ಆಸ್ತಿಯಾಯಿತು. ಪತ್ರಿಕೆ ಒಬ್ಬನ ಜೇಬಿನದಾಗದೆ ಸಮಾಜದ್ದಾಗಿರಲಿ ಎಂಬ ಆಸೆ ಟ್ರಸ್ಟ್ ಎಂಬ ಏರ್ಪಾಡಿನ ಹಿಂದಿತ್ತು. 1948ರಲ್ಲಿ ಬಂದ ‘ಪ್ರಜಾವಾಣಿ’ಯ ದಾರಿ ಬೇರೆ. ಅದನ್ನು ಕಟ್ಟಿದ ಕೆ.ಎನ್. ಗುರುಸ್ವಾಮಿ ಅಬಕಾರಿ ವ್ಯವಹಾರದಿಂದ ಬಂದ ಉದ್ಯಮಿ. ಆದರೂ ಅದರ ಸಂಪಾದಕ ಟಿಯೆಸ್ಸಾರ್ ಅವರ ‘ಛೂ ಬಾಣ’ ಅಂಕಣ ದೊಡ್ಡವರನ್ನು ನಿತ್ಯ ಚುಚ್ಚುತ್ತಲೇ ಇತ್ತು. ಹಣ ಎಲ್ಲಿಂದ ಬಂತು ಎನ್ನುವುದರಷ್ಟೇ, ಹಣ ಹಾಕಿದವನು ಸಂಪಾದಕನ ಕೋಣೆಯಿಂದ ಎಷ್ಟು ದೂರ ನಿಂತ ಎನ್ನುವುದೂ ಮುಖ್ಯ ಎಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು.

ಸ್ವತಂತ್ರ ಭಾರತ ಈ ದೂರವನ್ನು ಕಾನೂನಿನಿಂದ ಕಾಯುವ ಮಾತು ಕೊಟ್ಟಿತ್ತು. 1952ರಲ್ಲಿ ನೇಮಕವಾದ ಮೊದಲ ಪತ್ರಿಕಾ ಆಯೋಗ, ಹಣವುಳ್ಳ ಪತ್ರಿಕೆ ಹೆಚ್ಚು ಪುಟವನ್ನು ಕಡಿಮೆ ಬೆಲೆಗೆ ಕೊಟ್ಟು ಸಣ್ಣ ಪತ್ರಿಕೆಯನ್ನು ಮುಗಿಸಬಾರದೆಂದು ಪುಟಕ್ಕೆ ತಕ್ಕ ಬೆಲೆ ನಿಗದಿಯಾಗಲಿ ಎಂದಿತು. 1956ರಲ್ಲಿ ಕಾಯ್ದೆಯೂ ಬಂತು. ‘ಸಕಾಳ್’ ಪ್ರಕರಣದಲ್ಲಿ 1961ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಅಳಿಸಿತು. ಪುಟಕ್ಕೆ ಮಿತಿ ಹಾಕಿದ ಮುದ್ರಣ ಕಾಗದ ನೀತಿ 1972ರಲ್ಲಿ ಬೆನೆಟ್ ಕೋಲ್ಮನ್ ಪ್ರಕರಣದಲ್ಲಿ ಬಿತ್ತು. ಎರಡೂ ತೀರ್ಪುಗಳನ್ನು ವಾಕ್ ಸ್ವಾತಂತ್ರ್ಯದ ಗೆಲುವೆಂದು ನಾವು ಓದಿಕೊಂಡೆವು. ಸರ್ಕಾರ ಕಾಗದದ ಕೋಟಾ ಹಿಡಿದುಕೊಂಡು ಆಡಿಸುತ್ತಿದ್ದ ಕಾಲದಲ್ಲಿ ಅದು ಗೆಲುವೇ ಸರಿ. ಆದರೆ ಗೆದ್ದದ್ದು ಬರೆಯುವವನ ಸ್ವಾತಂತ್ರ್ಯವೋ, ಅಚ್ಚುಯಂತ್ರ ಇಟ್ಟುಕೊಂಡವನದೋ ಎಂದು ಆಗ ಗಟ್ಟಿಯಾಗಿ ಕೇಳಿದವರು ಕಡಿಮೆ. ತುರ್ತು ಪರಿಸ್ಥಿತಿ ಬಂದಮೇಲಂತೂ ಆ ಪ್ರಶ್ನೆಗೆ ಜಾಗವೇ ಉಳಿಯಲಿಲ್ಲ. 1975ರ ಜೂನ್ ಕೊನೆಯಲ್ಲಿ ದೆಹಲಿಯ ಪತ್ರಿಕಾ ಕಚೇರಿಗಳ ಬೀದಿಗೆ ವಿದ್ಯುತ್ ನಿಂತದ್ದು, ಸೆನ್ಸಾರ್ ಅಧಿಕಾರಿಯ ಮೇಜಿಗೆ ಹೋಗಿ ಬಂದ ಪ್ರೂಫುಗಳು, ‘ಇಂಡಿಯನ್ ಎಕ್ಸ್‌ಪ್ರೆಸ್’ ಖಾಲಿ ಬಿಟ್ಟ ಸಂಪಾದಕೀಯದ ಜಾಗ, ಇವೆಲ್ಲ ಎಷ್ಟು ಬಲವಾಗಿ ಮನಸ್ಸಿನಲ್ಲಿ ಕೂತವೆಂದರೆ, ಪತ್ರಿಕೆಗೆ ಕುತ್ತು ಬಂದರೆ ಹಾಗೆಯೇ ಬರುತ್ತದೆಂದು ನಂಬಿದೆವು. ಅದೇ ವರ್ಷದ ಆಗಸ್ಟಿನಲ್ಲಿ ಬಂದ ಇನ್ನೊಂದು ತೀರ್ಪನ್ನು ಈಗ ಯಾರೂ ನೆನೆಯುವುದಿಲ್ಲ. ಪತ್ರಿಕೆ ನಡೆಸುವುದು ತೆರಿಗೆ ವಿನಾಯಿತಿಯ ಮಟ್ಟಿಗೆ ‘ಶಿಕ್ಷಣ’ವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಆ ಪ್ರಕರಣದ ಅರ್ಜಿದಾರ ನಮ್ಮ ಲೋಕಶಿಕ್ಷಣ ಟ್ರಸ್ಟೇ. ಲೋಕವನ್ನು ತಿದ್ದುವ ಕೆಲಸವೆಂದು ಹಿರಿಯರು ನಂಬಿದ್ದು ಆದಾಯ ತೆರಿಗೆಯ ಲೆಕ್ಕದಲ್ಲಿ ವ್ಯಾಪಾರವಾಗಿ ದಾಖಲಾಯಿತು.

ಎಂಬತ್ತರ ದಶಕ ಇದಕ್ಕೆ ಎರಡು ಉತ್ತರ ಕೊಡಲು ನೋಡಿತು. 1980ರಲ್ಲಿ ಪಿ. ಲಂಕೇಶ್ ಜಾಹೀರಾತೇ ಬೇಡವೆಂದು ವಾರಪತ್ರಿಕೆ ತೆಗೆದರು. ಓದುಗ ಕೊಟ್ಟ ಕಾಸಿನಲ್ಲೇ ಅದು ನಡೆಯಿತು, ಮಂತ್ರಿಗಳ ನಿದ್ದೆ ಕೆಡಿಸಿತು. ವಡ್ಡರ್ಸೆ ರಘುರಾಮ ಶೆಟ್ಟರು ಮಂಗಳೂರಿನಲ್ಲಿ ಸಾಮಾನ್ಯರಿಂದ ಸಣ್ಣ ಸಣ್ಣ ಷೇರು ಕೂಡಿಸಿ ‘ಮುಂಗಾರು’ ದಿನಪತ್ರಿಕೆ ಶುರುಮಾಡಿದರು. ಹಿಂದುಳಿದ ಜಾತಿಗಳ ಎಷ್ಟೋ ಹುಡುಗರು ಅಲ್ಲಿ ಕೆಲಸ ಕಲಿತು ದೊಡ್ಡ ಪತ್ರಿಕೆಗಳಿಗೆ ಹೋದರು. ಪತ್ರಿಕೆ ಮಾತ್ರ ಉಳಿಯಲಿಲ್ಲ. ಈ ನಡುವೆ ಎರಡನೇ ಪತ್ರಿಕಾ ಆಯೋಗ 1982ರಲ್ಲಿ, ಬೇರೆ ಉದ್ಯಮಗಳ ಹಿತಾಸಕ್ತಿಯಿಂದ ಪತ್ರಿಕೆಗಳನ್ನು ಬಿಡಿಸಬೇಕು ಎಂದು ವರದಿ ಕೊಟ್ಟಿತ್ತು. ವರದಿ ಕಪಾಟು ಸೇರಿತು.

ಆಮೇಲಿನದು ನಮ್ಮ ಕಣ್ಣೆದುರೇ ನಡೆದದ್ದು. ಸಾರಿಗೆ ಉದ್ಯಮದ ವಿಜಯ ಸಂಕೇಶ್ವರರು ‘ವಿಜಯ ಕರ್ನಾಟಕ’ವನ್ನು ಅಗ್ಗದ ಬೆಲೆಗೆ ಊರೂರಿಗೆ ಇಳಿಸಿದಾಗ ಕೆಲವೇ ವರ್ಷಗಳಲ್ಲಿ ಅದು ಅತಿ ಹೆಚ್ಚು ಮಾರಾಟದ ಕನ್ನಡ ದಿನಪತ್ರಿಕೆಯಾಯಿತು. ಅದರಿಂದಾದ ಲಾಭವನ್ನು ಅಲ್ಲಗಳೆಯಲಾಗದು. ಪತ್ರಿಕೆ ಕೊಳ್ಳದ ಮನೆಗಳಿಗೆ ಪತ್ರಿಕೆ ಹೋಯಿತು, ಜಿಲ್ಲೆಗೊಂದು ಆವೃತ್ತಿ ಬಂತು, ಹೋಬಳಿಯ ಸುದ್ದಿಗೂ ಜಾಗ ಸಿಕ್ಕಿತು. ಆದರೆ ಮೊದಲ ಆಯೋಗ ಹೆದರಿದ್ದ ದರ ಸಮರವೂ ಇದೇ. ಓದುಗನ ಕಾಸು ಕಾಗದದ ಖರ್ಚಿಗೂ ಸಾಲದಾದಾಗ ಉಳಿದದ್ದನ್ನು ತುಂಬುವವನು ಜಾಹೀರಾತುದಾರ. ಪತ್ರಿಕೆ ಯಾರ ಋಣದಲ್ಲಿದೆ ಎಂಬುದು ಅಲ್ಲಿಗೇ ತೀರ್ಮಾನವಾಯಿತು. ಅಗ್ಗವಾಯಿತೆಂದು ನಾವೂ ಖುಷಿಪಟ್ಟೆವು. 2006ರಲ್ಲಿ ಆ ಪತ್ರಿಕೆ ಅದೇ ಬೆನೆಟ್ ಕೋಲ್ಮನ್ ಕಂಪನಿಯ ಪಾಲಾಯಿತು. ‘ಕನ್ನಡಪ್ರಭ’ ಆಗ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಅವರ ಉದ್ಯಮ ಸಮೂಹಕ್ಕೆ ಸೇರಿತು. ಸುದ್ದಿವಾಹಿನಿಗಳ ಭರಾಟೆಯಲ್ಲಿ ‘ಕಸ್ತೂರಿ’ ಕುಮಾರಸ್ವಾಮಿ ಕುಟುಂಬದ್ದು, ‘ಜನಶ್ರೀ’ ಬಳ್ಳಾರಿಯ ರೆಡ್ಡಿ ಬಳಗದ್ದು ಎಂದು ಜನ ರಿಮೋಟ್ ಒತ್ತುತ್ತಲೇ ಹೇಳುತ್ತಿದ್ದರು. ಯಾರೂ ಬೆಚ್ಚಲಿಲ್ಲ, ನನಗೆ ಬೇಸರವಾಗುವುದು ಆ ಸಮಾಧಾನಕ್ಕೇ.

ಇದರ ಬಿಸಿ ಮೊದಲು ತಟ್ಟಿದ್ದು ತಾಲ್ಲೂಕು ವರದಿಗಾರನಿಗೆ. ಅವನಿಗೆ ಸಂಬಳವೆಂಬುದು ಹೆಸರಿಗೆ, ಇಷ್ಟು ಜಾಹೀರಾತು ತರಬೇಕೆಂಬ ಗುರಿ ಮಾತ್ರ ಖಚಿತ. ಶಾಸಕರ ಹುಟ್ಟುಹಬ್ಬದ ಪುರವಣಿಗೆ ಜಾಹೀರಾತು ಕೇಳಿ ಬಂದ ಮರುದಿನ ಅದೇ ಶಾಸಕರ ಕಳಪೆ ರಸ್ತೆಯ ಸುದ್ದಿ ಬರೆಯುವುದು ಹೇಗೆ? 2009ರ ಚುನಾವಣೆಯ ಹೊತ್ತಿಗೆ ‘ಕಾಸಿಗಾಗಿ ಸುದ್ದಿ’ ದೇಶದ ಗಮನಕ್ಕೆ ಬಂತು. ಪತ್ರಿಕಾ ಮಂಡಳಿಯ ಉಪಸಮಿತಿ ಹೆಸರು ಹಿಡಿದು ವರದಿ ಬರೆದರೆ, ಮಂಡಳಿ 2010ರಲ್ಲಿ ಸಾರಾಂಶವನ್ನಷ್ಟೇ ಹೊರಬಿಟ್ಟಿತು. ಪೂರ್ಣ ವರದಿ ಕಾಣಲು ಮಾಹಿತಿ ಆಯೋಗದ ಆದೇಶವೇ ಬೇಕಾಯಿತು. ಊರವರ ಗುಟ್ಟೆಲ್ಲ ಬಯಲು ಮಾಡುವವರು ತಮ್ಮದನ್ನು ಹೀಗೆ ಮುಚ್ಚಿಟ್ಟರು.

ಹೊರಗಿನ ಕಾಟ ನಿಂತಿತೆಂದು ಇದರ ಅರ್ಥವಲ್ಲ. 2017ರ ಜೂನಿನಲ್ಲಿ ನಮ್ಮ ವಿಧಾನಸಭೆ ಹಕ್ಕುಚ್ಯುತಿಯ ಹೆಸರಿನಲ್ಲಿ ಇಬ್ಬರು ಸಂಪಾದಕರಿಗೆ ಒಂದು ವರ್ಷದ ಜೈಲು ಶಿಕ್ಷೆ ವಿಧಿಸಿತು. ದೂರು ಶಾಸಕರದು, ತೀರ್ಪೂ ಶಾಸಕರದೇ. ಅದೇ ವರ್ಷ ಸೆಪ್ಟೆಂಬರ್ 5ರಂದು ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು ಮನೆಯ ಮುಂದೆ ಗುಂಡಿಟ್ಟು ಕೊಂದರು. 2021ರ ಮಾರ್ಚ್‌ನಲ್ಲಿ ಆರು ಸಚಿವರು ಒಟ್ಟಾಗಿ ನ್ಯಾಯಾಲಯಕ್ಕೆ ಹೋಗಿ 68 ಮಾಧ್ಯಮ ಸಂಸ್ಥೆಗಳ ಮೇಲೆ ತಡೆಯಾಜ್ಞೆ ತಂದರು. ತಡೆಯಾಜ್ಞೆ ಈಗ ರಾಜಕಾರಣಿಯ ರೂಢಿಯ ಅಸ್ತ್ರ. ಸೆನ್ಸಾರ್ ಅಧಿಕಾರಿಯ ಅಗತ್ಯವೇ ಇಲ್ಲ.

ಗಳಿಕೆಯ ಕಡೆಗೂ ಬರೆದುಕೊಳ್ಳಬೇಕಾದದ್ದಿದೆ. ಅರ್ಧ ಶತಮಾನದ ಹಿಂದೆ ಸಂಪಾದಕೀಯ ವಿಭಾಗಗಳು ಎರಡು ಮೂರು ಜಾತಿಯ ಗಂಡಸರಿಂದಲೇ ತುಂಬಿರುತ್ತಿದ್ದವು. 2012ರ ಅಂಬೇಡ್ಕರ್ ಜಯಂತಿಯಂದು ‘ಪ್ರಜಾವಾಣಿ’ ದಲಿತ ಲೇಖಕ ದೇವನೂರ ಮಹಾದೇವರನ್ನು ಅತಿಥಿ ಸಂಪಾದಕರಾಗಿ ಕೂರಿಸಿ ಸಂಚಿಕೆ ತಂದದ್ದು ಸಣ್ಣ ಸಂಗತಿಯಲ್ಲ. ಹೆಣ್ಣುಮಕ್ಕಳು ಅಪರಾಧ, ರಾಜಕೀಯ ಎಲ್ಲದರ ವರದಿಗೂ ಹೋಗುತ್ತಾರೆ. ಓದುಗರ ಚಂದಾ, ದೇಣಿಗೆಯಲ್ಲೇ ನಡೆಯುವ ಸಣ್ಣ ಜಾಲತಾಣಗಳು ದೊಡ್ಡ ಮನೆಗಳು ಮುಟ್ಟದ್ದನ್ನು ಮುಟ್ಟುತ್ತಿವೆ. ಲಂಕೇಶ್, ವಡ್ಡರ್ಸೆಯವರು ಹಿಡಿದ ದಾರಿಯೇ ಅದು.

ಆದರೂ ಒಟ್ಟು ಲೆಕ್ಕದಲ್ಲಿ ನಷ್ಟವೇ ಹೆಚ್ಚು ಎಂಬುದು ನನ್ನ ತೀರ್ಮಾನ. ಎರಡು ಆಯೋಗಗಳು ಕೊಟ್ಟ ಎಚ್ಚರಿಕೆ ಕಾನೂನಾಗಿ ಉಳಿಯಲಿಲ್ಲ. ಪತ್ರಿಕಾ ಮಂಡಳಿಗೆ ಛೀಮಾರಿ ಹಾಕುವುದರಾಚೆ ಅಧಿಕಾರವಿಲ್ಲ, ಟಿವಿಯಂತೂ ಅದರ ವ್ಯಾಪ್ತಿಗೇ ಬರುವುದಿಲ್ಲ. ಇನ್ನು ಓದುಗರಲ್ಲಿ ಒಂದು ವಿನಂತಿ. ಪತ್ರಿಕೆಯಲ್ಲಿ ಮಾಲೀಕ, ಮುದ್ರಕ, ಸಂಪಾದಕರ ಹೆಸರು ಸಣ್ಣ ಅಕ್ಷರದಲ್ಲಿ ಎಲ್ಲೋ ಒಂದು ಮೂಲೆಯಲ್ಲಿರುತ್ತದೆ. ಮುಖಪುಟಕ್ಕೆ ಮೊದಲು ಅದನ್ನು ಓದಿ. ಆ ಮಾಲೀಕರಿಗೆ ಬೇರೆ ಯಾವ ಯಾವ ವ್ಯವಹಾರವಿದೆ ಎಂದು ವಿಚಾರಿಸಿ, ಅದರ ಬಗ್ಗೆ ಆ ಪತ್ರಿಕೆಯಲ್ಲಿ ಸುದ್ದಿ ಬರುತ್ತದೆಯೇ ನೋಡಿ. ಬರದಿದ್ದರೆ ಸಂಪಾದಕರಿಗೆ ಒಂದು ಪತ್ರ ಬರೆದು ಕೇಳಿ.