ಮಾತು ಕಳೆದ ಹಾಡಿನ ಪತ್ತೆ

ಕಳೆದ ವಸ್ತುವನ್ನು ಹುಡುಕುವವನಿಗೆ ಅದರ ಹೆಸರಾದರೂ ಗೊತ್ತಿರುತ್ತದೆ. ಹೆಸರೂ ಗೊತ್ತಿಲ್ಲದ, ಕಣ್ಣಿಗೂ ಕಾಣದ ವಸ್ತುವೊಂದನ್ನು ಹುಡುಕಿಕೊಡಿರೆಂದು ಯಾರಾದರೂ ನಮ್ಮನ್ನು ಬೇಡಿಕೊಂಡರೆ ಏನು ಮಾಡಬೇಕು? ಕಳೆದ ಮಳೆಗಾಲದಲ್ಲಿ ನಮಗೆ ಇಂತಹುದೇ ಪ್ರಸಂಗವೊದಗಿತು.

ಬಂಟ್ವಾಳದಲ್ಲಿ ನಮ್ಮ ಮನೆಯ ಬೇಲಿಯಾಚೆ 87 ವರ್ಷದ ವೃದ್ಧೆಯೊಬ್ಬರಿದ್ದಾರೆ. ಕೇರಿಗೆಲ್ಲ ಅವರು ದೊಡ್ಡಮ್ಮ. ಎರಡು ವರ್ಷಗಳಿಂದ ಅವರಿಗೆ ಮರವೆ ಹೆಚ್ಚುತ್ತಿದೆ. ಮಗಳನ್ನು ಒಮ್ಮೊಮ್ಮೆ ತಂಗಿಯೆಂದು ಕರೆಯುತ್ತಾರೆ. ಊಟಮಾಡಿದ್ದನ್ನು ಮರೆತು ಮತ್ತೆ ಎಲೆ ಹಾಕಿರೆನ್ನುತ್ತಾರೆ. ಆದರೆ ದೀಪ ಹಚ್ಚುವ ಹೊತ್ತಿಗೆ ಜಗಲಿಯ ಮೂಲೆಯಲ್ಲಿ ಕುಳಿತು ಒಂದು ಹಾಡನ್ನು ಗುನುಗುವುದನ್ನು ಮಾತ್ರ ಎಂದೂ ಮರೆತವರಲ್ಲ. ಅದರಲ್ಲಿ ಮಾತಿಲ್ಲ, ಬರಿಯ ಧಾಟಿ. ಗುನುಗಿ ಮುಗಿಸಿ, “ಮಾಷ್ಟ್ರೇ, ಇದು ಎಂತ ಪದ್ಯ?” ಎಂದು ಕೇಳುತ್ತಾರೆ. ಹೊಸಕ್ಕಿಯ ದಿನಗಳಲ್ಲಿ ಅವರ ತಾಯಿ ಗೆರಸೆಯಲ್ಲಿ ಅಕ್ಕಿ ಗೇರುತ್ತ ಹಾಡುತ್ತಿದ್ದುದಂತೆ. ಇಷ್ಟರ ಹೊರತು ಬೇರೇನೂ ನೆನಪಿಲ್ಲ. ಒಂದು ದಿನ ಅವರ ಮಗಳು ಬೇಲಿಯ ಬಳಿ ಬಂದು ಸಣ್ಣ ದನಿಯಲ್ಲಿ ಹೇಳಿದಳು: “ಅಮ್ಮ ರಾತ್ರಿ ಎದ್ದು ಅಕ್ಕಿ ಕೋಣೆಯಲ್ಲಿ ಡಬ್ಬಗಳನ್ನೆಲ್ಲ ತೆಗೆದು ನೋಡ್ತಾರೆ. ಎಂತ ಹುಡುಕುದು ಅಂತ ಕೇಳಿದ್ರೆ, ಪದ್ಯ ಎಲ್ಲಿಟ್ಟೆ ಅಂತ ಗೊತ್ತಾಗುದಿಲ್ಲ ಅಂತಾರೆ.”

ಮೊದಲು ಪ್ರಯತ್ನಿಸಿದವನು ನಮ್ಮ ಮೊಮ್ಮಗ. ಅಜ್ಜಿಯ ಗುನುಗನ್ನು ಅವನು ಮೊಬೈಲಿನಲ್ಲಿ ಹಿಡಿದಿಟ್ಟ. ಅದನ್ನೇ ಯಂತ್ರಕ್ಕೆ ಕೇಳಿಸಿದ. ಇಂತಹ ಉಪಾಯಗಳು ಈಗ ಎರಡು ಬಗೆಯವು. 2002ರಲ್ಲಿ ಇಂಗ್ಲೆಂಡಿನಲ್ಲಿ ಷಝಾಮ್ ಎಂಬ ಸೇವೆ ಆರಂಭವಾದಾಗ ಜನರು 2580 ಎಂಬ ಸಂಖ್ಯೆಗೆ ಕರೆಮಾಡಿ, ಎಲ್ಲಿಯೋ ಕೇಳಿಬರುವ ಹಾಡಿನತ್ತ ಫೋನನ್ನು ಹಿಡಿಯುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿಯೇ ಹಾಡಿನ ಹೆಸರು ಸಂದೇಶವಾಗಿ ಬರುತ್ತಿತ್ತು. ಆದರೆ ಅದು ಗುರುತಿಸುವುದು ಮುದ್ರಿತವಾದ ನಾದವನ್ನು, ಬೆರಳಚ್ಚಿನಿಂದ ಮನುಷ್ಯನನ್ನು ಗುರುತಿಸಿದಂತೆ. ಅದೇ ಹಾಡನ್ನು ನಾವು ನೀವು ಗುನುಗಿದರೆ ಅದಕ್ಕೆ ಪ್ರಯೋಜನವಿಲ್ಲ. ಎರಡನೆಯದು ಗೂಗಲ್ ಸಂಸ್ಥೆಯವರು 2020ರಲ್ಲಿ ಹೊರತಂದ ಉಪಾಯ. ಅದು ಗುನುಗಿನಿಂದ ಕಂಠದ ಗುಣವನ್ನೂ ವಾದ್ಯಗಳನ್ನೂ ಬಿಟ್ಟು, ಸ್ವರದ ಏರಿಳಿತವನ್ನು ಮಾತ್ರ ಅಂಕೆಗಳ ಮಾಲೆಯನ್ನಾಗಿ ಮಾಡಿ ತನ್ನಲ್ಲಿರುವ ಹಾಡುಗಳೊಡನೆ ಹೋಲಿಸುತ್ತದೆ. ಯಂತ್ರವಿಲ್ಲದ ಕಾಲದಲ್ಲಿಯೇ ಡೆನಿಸ್ ಪಾರ್ಸನ್ಸ್ ಎಂಬವರು 1975ರಲ್ಲಿ ಒಂದು ಕೋಶವನ್ನು ಪ್ರಕಟಿಸಿದ್ದರು. ಒಂದೊಂದು ಸ್ವರವೂ ಹಿಂದಿನದಕ್ಕಿಂತ ಏರಿತೋ, ಇಳಿಯಿತೋ, ಇದ್ದಲ್ಲಿಯೇ ನಿಂತಿತೋ ಎಂಬಷ್ಟನ್ನೇ ಗುರುತುಹಾಕಿಕೊಂಡು ಪಾಶ್ಚಾತ್ಯ ಸಂಗೀತದ ಸಾವಿರಾರು ಧಾಟಿಗಳನ್ನು ಅದರಲ್ಲಿ ಹುಡುಕಬಹುದು. ಉಪಾಯಗಳು ಮೆಚ್ಚತಕ್ಕವೇ. ಆದರೆ ನಮ್ಮ ದೊಡ್ಡಮ್ಮನ ಗುನುಗಿಗೆ ಯಂತ್ರವು ಕೊಟ್ಟ ಉತ್ತರ ಮೂರು ಚಲಚ್ಚಿತ್ರಗೀತೆಗಳು. ಅತ್ಯಂತ ಸಮೀಪದ್ದೆಂದು ಅದು ಹೇಳಿದ್ದಕ್ಕೂ ನೂರಕ್ಕೆ 11ರಷ್ಟೇ ಹೋಲಿಕೆ. ಯಾರೂ ಮುದ್ರಿಸದ ಧಾಟಿಯನ್ನು ಯಂತ್ರವಾದರೂ ಎಲ್ಲಿಂದ ತಂದೀತು?

ಆಗ ನಮಗೆ ಅಹಂಕಾರ ಬಂತೆಂಬುದನ್ನು ಒಪ್ಪಿಕೊಳ್ಳಬೇಕು. ಬಾಲ್ಯದಲ್ಲಿ ಛಂದಸ್ಸನ್ನು ಕಂಠಪಾಠ ಮಾಡಿದವರು ನಾವು. ಮೂವತ್ತು ವರ್ಷಗಳಿಗೂ ಮಿಕ್ಕಿ ಮಕ್ಕಳಿಗೆ ಪ್ರಸ್ತಾರ ಹಾಕಲು ಕಲಿಸಿದವರು. ದೊಡ್ಡಮ್ಮ ಗುನುಗುತ್ತಿರುವಾಗ ಬೆರಳ ಗೆಣ್ಣುಗಳ ಮೇಲೆ ಕಾಲವನ್ನೆಣಿಸಿದೆವು. ಮೂರು, ನಾಲ್ಕು, ಮೂರು, ನಾಲ್ಕು. ಇನ್ನೇನು ಸಂದೇಹ? ಭಾಮಿನೀ ಷಟ್ಪದಿ! ಕುಮಾರವ್ಯಾಸನ ಭಾರತವೂ ತೊರವೆ ರಾಮಾಯಣವೂ ಹರಿದಿರುವುದು ಈ ನಡೆಯಲ್ಲಿಯೇ. ಗಮಕದ ಮನೆಯ ಹೆಣ್ಣುಮಗಳು ಅಕ್ಕಿ ಗೇರುತ್ತ ಭಾರತವನ್ನು ಹಾಡಿಕೊಂಡಿರಬೇಕೆಂದು ನಿರ್ಧರಿಸಿ, ಮರುದಿನವೇ ಹೋಗಿ ಕುಮಾರವ್ಯಾಸನ ಒಂದು ಪದ್ಯವನ್ನು ಅವರ ಧಾಟಿಯಲ್ಲಿಯೇ ಹಾಡಿ ತೋರಿಸಿ, “ಇದೇ ದೊಡ್ಡಮ್ಮ, ನಿಮ್ಮ ತಾಯಿ ಹಾಡಿದ್ದು” ಎಂದೆವು. ಅವರು ಆಸೆಯಿಂದ ಕೇಳಿದರು. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಮುಖ ಬಾಡಿತು. “ಅಲ್ಲ” ಎಂದರು. ಮತ್ತೆ ಬಹಳ ಹೊತ್ತು ಮಾತಾಡದೆ ಸೆರಗಿನಲ್ಲಿ ಕಣ್ಣೊರಸಿಕೊಂಡರು. ಯಾವುದು ಹೌದೆಂದು ಅವರಿಗೆ ತಿಳಿಯದು. ಯಾವುದು ಅಲ್ಲವೆಂಬುದು ಮಾತ್ರ ಚೆನ್ನಾಗಿ ತಿಳಿಯುವುದು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ಮುಂದಿನ ಭಾನುವಾರ ಬೆಳಗಿನ ಬಸ್ಸು ಹಿಡಿದು ಪುಂಜಾಲಕಟ್ಟೆಯ ಮಾರ್ಗವಾಗಿ ಬೆಳ್ತಂಗಡಿಗೆ ಹೋದೆವು. ಮೇಳದ ತಿರುಗಾಟದಿಂದ ನಿವೃತ್ತರಾಗಿ ಮನೆಯಲ್ಲಿರುವ ಭಾಗವತರೊಬ್ಬರು ಅಲ್ಲಿ ನಮ್ಮ ಪರಿಚಿತರು. ಯಕ್ಷಗಾನದ ಪ್ರಸಂಗ ಪುಸ್ತಕಗಳಲ್ಲಿ ಪ್ರತಿಯೊಂದು ಪದದ ತಲೆಯ ಮೇಲೆ ರಾಗವನ್ನೂ ತಾಳವನ್ನೂ ಬರೆದಿರುತ್ತದೆಂಬುದು ವಾಚಕರಿಗೆ ತಿಳಿದದ್ದೇ. ಆದುದರಿಂದ ನಡೆಯನ್ನು ಹಿಡಿದು ಪದವನ್ನು ಹುಡುಕುವುದು ಭಾಗವತರಿಗೆ ನಿತ್ಯದ ಅಭ್ಯಾಸ. ನಾವು ಗುನುಗಿದ್ದನ್ನು ಅವರು ಮೊಣಕಾಲಿನ ಮೇಲೆ ತಾಳ ತಟ್ಟುತ್ತ ಕೇಳಿದರು. “ಏಳೇಳರ ನಡೆ ಹೌದು, ತ್ರಿವುಡೆಗೆ ಕೂತ್ಕೊಳ್ತದೆ. ಆದ್ರೆ ಭಾಮಿನಿ ಅಲ್ಲ ಮಾಷ್ಟ್ರೇ. ಭಾಮಿನಿಗೆ ಎರಡು ಗಿಡ್ಡ ಸಾಲಾದ ಮೇಲೆ ಮೂರನೇದು ಉದ್ದ ಆಗ್ಬೇಕಲ್ಲ? ಇದರಲ್ಲಿ ಎಲ್ಲಾ ಸಾಲೂ ಒಂದೇ ಉದ್ದ” ಎಂದರು. ನಮಗೆ ನಾಚಿಕೆಯಾಯಿತು. ಹದಿನಾಲ್ಕು, ಹದಿನಾಲ್ಕು, ಇಪ್ಪತ್ತಮೂರು ಎಂದು ಷಟ್ಪದಿಯ ಮಾತ್ರೆಗಳನ್ನು ಮಕ್ಕಳಿಂದ ಉರುಹೊಡೆಸಿದ ನಾವು, ಗಣವನ್ನೆಣಿಸಿ ಸಾಲನ್ನೆಣಿಸಲು ಮರೆತಿದ್ದೆವು! ಧಾಟಿಯ ವಿಷಯದಲ್ಲಿ ಭಾಗವತರು ಇನ್ನೊಂದು ಮಾತು ಹೇಳಿದರು: “ಒಂದೇ ಮಟ್ಟಿನಲ್ಲಿ ನೂರು ಪದ ಇರ್ತದೆ. ಮಟ್ಟು ಸಿಕ್ಕಿದ್ರೆ ಕೇರಿ ಸಿಕ್ಕಿದ ಹಾಗೆ, ಮನೆ ಸಿಕ್ಕಿದ ಹಾಗಲ್ಲ.”

ಅಲ್ಲಿಂದ ಗುರುವಾಯನಕೆರೆ, ವೇಣೂರುಗಳನ್ನು ದಾಟಿ ಮೂಡಬಿದಿರೆಗೆ. ರತ್ನಾಕರವರ್ಣಿಯ ಊರಿದು. 16ನೆಯ ಶತಮಾನದ ಆ ಕವಿ ತನ್ನ ಭರತೇಶವೈಭವವನ್ನು ಸಾಂಗತ್ಯದಲ್ಲಿ, ಅಂದರೆ ಹಾಡಲೆಂದೇ ಇರುವ ಛಂದಸ್ಸಿನಲ್ಲಿ ಬರೆದನು. ಸಾಂಗತ್ಯವನ್ನು ಬಾಲ್ಯದಿಂದಲೂ ಮನೆಯಲ್ಲಿ ಹಾಡಿಕೊಂಡು ಬಂದ ವೃದ್ಧ ಜೈನ ಗೃಹಿಣಿಯೊಬ್ಬರನ್ನು, ಸಾವಿರ ಕಂಬದ ಬಸದಿಯ ಹತ್ತಿರದ ಅವರ ಮನೆಯಲ್ಲಿ ಕಂಡೆವು. ನಾವು ನಾಲ್ಕು ಸಾಲು ಗುನುಗುವುದರೊಳಗೆ ಅವರು ನಕ್ಕು, “ಇದು ನಮ್ಮದಲ್ಲ. ಸಾಂಗತ್ಯ ಒಂದು ಸಾಲು ನೀಳ, ಒಂದು ಸಾಲು ಮೋಟು. ಇದು ಹಾಗೆ ಹೋಗುವುದಿಲ್ಲ” ಎಂದರು. ಮತ್ತೆ, “ನೀವು ಗುನುಗುವುದು ಯಾಕೆ? ಆ ಅಮ್ಮನ ಸ್ವರವೇ ಇಲ್ಲವೇ?” ಎಂದು ಕೇಳಿದರು. ಇತ್ತು! ಮೊಮ್ಮಗನು ಅದನ್ನು ನಮ್ಮ ಮೊಬೈಲಿಗೂ ಕಳುಹಿಸಿದ್ದನು. ನಮಗೆ ಅದರ ನೆನಪೇ ಇರಲಿಲ್ಲ. ತೆಗೆದು ಕೇಳಿಸಿದೆವು. ಆಕೆ ಕಣ್ಣುಮುಚ್ಚಿ ಕೊನೆಯವರೆಗೆ ಕೇಳಿ, “ನೀವು ಬಾಲವನ್ನೇ ಬಿಟ್ಟಿದ್ದೀರಿ. ಕೊನೆಯಲ್ಲಿ ಮೂರು ಸಣ್ಣ ಸಾಲು ಉಂಟಲ್ಲ?” ಎಂದರು.

ನಿಜವಾಗಿ ನಾವು ಆ ಹಾಡನ್ನು ಒಮ್ಮೆಯೂ ಕಡೆಯವರೆಗೆ ಕೇಳಿರಲಿಲ್ಲ. ನಾಲ್ಕು ಸಾಲಾಗುತ್ತಲೇ ನಮ್ಮ ಪಾಂಡಿತ್ಯಕ್ಕೆ ತೀರ್ಪು ಕೊಡುವ ಅವಸರ.

ಪಿಂಗಲನ ಛಂದಃಶಾಸ್ತ್ರದಲ್ಲಿ ‘ನಷ್ಟ’ವೆಂಬ ಒಂದು ಕ್ರಮವಿದೆ. ಗುರುಲಘುಗಳ ಎಲ್ಲ ರೂಪಗಳನ್ನೂ ಸಾಲಾಗಿ ಬರೆಯುವುದು ಪ್ರಸ್ತಾರ. ಅದರಲ್ಲಿ ಒಂದು ರೂಪವು ಅಳಿಸಿಹೋಗಿ ಅದರ ಕ್ರಮಸಂಖ್ಯೆ ಮಾತ್ರ ಉಳಿದಿದ್ದರೆ, ಆ ಸಂಖ್ಯೆಯಿಂದಲೇ ರೂಪವನ್ನು ಮರಳಿ ಪಡೆಯುವುದು ನಷ್ಟ. ಸಿದ್ಧಕಟ್ಟೆಯ ಮಾರ್ಗವಾಗಿ ಬಂಟ್ವಾಳಕ್ಕೆ ಮರಳುವ ಬಸ್ಸಿನ ಕಿಟಕಿಯ ಬಳಿ ಕುಳಿತು, ಮೊಬೈಲನ್ನು ಕಿವಿಗಿಟ್ಟು, ನಾವೂ ನಮಗೆ ಉಳಿದಿದ್ದ ಸಂಖ್ಯೆಗಳನ್ನು ಚೀಟಿಯ ಹಿಂಭಾಗದಲ್ಲಿ ಬರೆದುಕೊಂಡೆವು. ಮೂರು ನಾಲ್ಕು, ಮೂರು ನಾಲ್ಕು, ಮೂರು ನಾಲ್ಕು, ಕಡೆಯಲ್ಲಿ ಐದು: ಒಟ್ಟು 26 ಮಾತ್ರೆಗಳು. ಇಂತಹ ನಾಲ್ಕು ಸಾಲು. ಆಮೇಲೆ ಮೂರು, ನಾಲ್ಕು, ಐದು: 12 ಮಾತ್ರೆಗಳು. ಇಂತಹ ಮೂರು ಸಾಲು. ನಾಲ್ಕು ಉದ್ದ ಸಾಲುಗಳೂ ಆರಂಭವಾಗುವುದು ಒಂದೇ ಬಗೆಯ ಎಳೆತದಿಂದ, ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದಂತೆ; ಕಿರುಸಾಲುಗಳು ಅದಕ್ಕೆ ಉತ್ತರ ಹೇಳಿದಂತೆ. ಹೊಸಕ್ಕಿಯ ದಿನ, ಎಂದಿದ್ದರಲ್ಲವೇ ದೊಡ್ಡಮ್ಮ?

ಬಸ್ಸಿನಲ್ಲಿ ನಾವು ಗಟ್ಟಿಯಾಗಿಯೇ ನಕ್ಕೆವೆಂದು ಕಾಣುತ್ತದೆ. ಪಕ್ಕದವರು ತಿರುಗಿ ನೋಡಿದರು. ಅದು ಪಂಜೆ ಮಂಗೇಶರಾಯರ ಹುತ್ತರಿಯ ಹಾಡು! ಹುತ್ತರಿಯೆಂದರೆ ಕೊಡಗಿನವರು ಹೊಸ ಬತ್ತದ ತೆನೆಯನ್ನು ಮನೆಗೆ ತರುವ ಹಬ್ಬ. ಪಂಜೆಯವರು ಮಡಿಕೇರಿಯ ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದವರು. ಈ ಹಾಡನ್ನು ನಾವು ಎಷ್ಟು ಸಲ ಪಾಠ ಹೇಳಿಲ್ಲ! ಆದರೆ ಶಾಲೆಯಲ್ಲಿ ನಾವು ಹೇಳಿಕೊಟ್ಟದ್ದು ಕುಣಿತದ ಧಾಟಿಯಲ್ಲಿ. ದೊಡ್ಡಮ್ಮನ ತಾಯಿ ಹಾಡಿದ್ದು ಗೆರಸೆಯ ವಿಳಂಬದಲ್ಲಿ. ಶಾಲೆಯಲ್ಲಿ ಕಲಿತ ಹಾಡನ್ನು ಆ ತಾಯಿ ತನ್ನ ಕೈಕೆಲಸದ ಲಯಕ್ಕೆ ಇಳಿಸಿಕೊಂಡಿರಬೇಕು. ಧಾಟಿಯು ವೇಷ ಬದಲಿಸಿತ್ತು. ಮಾತ್ರೆಗಳು ಮಾತ್ರ ಕವಿ ಇಟ್ಟಲ್ಲಿಯೇ ಇದ್ದುವು.

ಇನ್ನೊಂದು ಮಾತಿಗೆ ನಮಗೆ ಹೆಚ್ಚು ನಾಚಿಕೆಯಾಯಿತು. ‘ಕವಿಶಿಷ್ಯ’ನೆಂಬ ಹೆಸರಿನಿಂದ ಬರೆದ ಪಂಜೆಯವರು, 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದವರು, 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರು, 1874ರಲ್ಲಿ ಹುಟ್ಟಿದ್ದು ಎಲ್ಲಿ? ನಮ್ಮ ಬಂಟ್ವಾಳದಲ್ಲಿಯೇ. ಮನೆಯ ಹಾಡನ್ನು ಹುಡುಕುತ್ತ ನಾವು ಎರಡು ತಾಲೂಕು ಸುತ್ತಿ ಬಂದಿದ್ದೆವು.

ಆ ಸಂಜೆ ನೇರವಾಗಿ ಜಗಲಿಗೆ ಹೋದೆವು. ಹಿಂದಿನ ಅನುಭವದಿಂದ ಭಯವಿದ್ದುದರಿಂದ ಹೆಸರನ್ನು ಹೇಳಲಿಲ್ಲ. ಅವರು ಗುನುಗಲು ತೊಡಗಿದಾಗ, ಅವರ ವಿಳಂಬದಲ್ಲಿಯೇ ಮೊದಲನೆಯ ಮಾತನ್ನಷ್ಟೆ ಸಣ್ಣಗೆ ಸೇರಿಸಿದೆವು. ದೊಡ್ಡಮ್ಮನ ಗುನುಗು ನಿಂತಿತು. ತುಟಿಗಳು ಸ್ವಲ್ಪ ಹೊತ್ತು ಸುಮ್ಮನೆ ಅಲುಗಿದುವು. ಬಳಿಕ ಎರಡನೆಯ ಸಾಲು ಮಾತಿನೊಡನೆ ಬಂತು; ಮೂರನೆಯದು ಅರ್ಧದಲ್ಲಿ ತಡವರಿಸಿತು; ಕಡೆಯ ಮೂರು ಕಿರುಸಾಲುಗಳು ಒಂದಕ್ಷರವೂ ತಪ್ಪದೆ ಬಂದುವು. ಎರಡು ಕೈಗಳೂ ಇಲ್ಲದ ಗೆರಸೆಯನ್ನು ಹಿಡಿದು ಗೇರುತ್ತಿದ್ದುವು. ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ವಾಚಕರ ಮನೆಗಳಲ್ಲಿಯೂ ಇಂತಹ ಮಾತು ಕಳೆದ ಹಾಡುಗಳಿರಬಹುದು. ಹಿರಿಯರು ಗುನುಗುವಾಗ ನಡುವೆ ಬಾಯಿಹಾಕದೆ ಕೊನೆಯವರೆಗೆ ಧ್ವನಿಯನ್ನು ಹಿಡಿದಿಟ್ಟುಕೊಳ್ಳಿರಿ. ಎಷ್ಟು ಸಾಲು, ಯಾವುದು ಉದ್ದ, ಯಾವುದು ಗಿಡ್ಡ, ಉಸಿರು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಬರೆದಿಡಿರಿ. ರಾಗದ ಹೆಸರು ತಿಳಿಯದಿದ್ದರೆ ಚಿಂತೆಯಿಲ್ಲ. ಯಾವ ಕೆಲಸದಲ್ಲಿ, ಯಾವ ಋತುವಿನಲ್ಲಿ ಹಾಡುತ್ತಿದ್ದರೆಂಬುದನ್ನು ಮಾತ್ರ ಕೇಳದೆ ಬಿಡಬೇಡಿರಿ. ಆ ಮಾತು ನಮಗೆ ಮೊದಲನೆಯ ದಿನವೇ ದೊರೆತಿತ್ತು. ನಾವು ಅದನ್ನು ಮುದುಕಿಯ ಹರಟೆಯೆಂದು ಬದಿಗಿಟ್ಟಿದ್ದೆವು.

ದೊಡ್ಡಮ್ಮನಿಗೆ ಮರುದಿನ ಎಲ್ಲವೂ ಮರೆತುಹೋಗಿತ್ತು. ಈಗಲೂ ದೀಪ ಹಚ್ಚುವ ಹೊತ್ತಿಗೆ, “ಮಾಷ್ಟ್ರೇ, ಇದು ಎಂತ ಪದ್ಯ?” ಎಂದು ಕೇಳುತ್ತಾರೆ. ನಾವು ಹೇಳುತ್ತೇವೆ, ಇಬ್ಬರೂ ಸೇರಿ ಹಾಡುತ್ತೇವೆ. “ಬರೆದವರು ನಮ್ಮ ಬಂಟ್ವಾಳದವರಾ?” ಎಂದು ಅವರು ಪ್ರತಿದಿನವೂ ಹೊಸದಾಗಿ ಆಶ್ಚರ್ಯಪಡುತ್ತಾರೆ. ರಾತ್ರಿ ಎದ್ದು ಅಕ್ಕಿ ಕೋಣೆಗೆ ಹೋಗುವುದು ನಿಂತಿದೆಯೆಂದು ಮಗಳು ಹೇಳಿದಳು.