ಕಟ್ಟು ಹಾಕಿಸುವುದೇಕೆ, ನಾವೇ ಹಾಕೋಣ

ಚಿತ್ರ ಬರೆಯುವ ಹವ್ಯಾಸವಿರುವ ಯಾವ ವಿದ್ಯಾರ್ಥಿಯನ್ನಾದರೂ ಕೇಳಿ ನೋಡಿ, ಬಣ್ಣಕ್ಕಿಂತ ಹೆಚ್ಚಾಗಿ ಹೆದರಿಸುವುದು ಕಟ್ಟು ಹಾಕಿಸುವ ಖರ್ಚು. ನಾಲ್ಕು ರಾತ್ರಿ ನಿದ್ದೆಗೆಟ್ಟು ಮುಗಿಸಿದ ಚಿತ್ರವನ್ನು ಫ್ರೇಮ್ ಅಂಗಡಿಗೆ ಒಯ್ದರೆ, ಬಣ್ಣಕ್ಕೂ ಕ್ಯಾನ್ವಾಸಿಗೂ ಸೇರಿ ಕೊಟ್ಟದ್ದಕ್ಕಿಂತ ಹೆಚ್ಚು ದುಡ್ಡು ಕಟ್ಟಿಗೇ ಬೇಕು. ಅಂಗಡಿಯವರದು ತಪ್ಪಲ್ಲ, ಅದು ಅವರ ಹೊಟ್ಟೆಪಾಡು. ಆದರೆ ದರ ಕೇಳಿ ಚಿತ್ರವನ್ನು ಸುರುಳಿ ಸುತ್ತಿ ಮಂಚದ ಕೆಳಗೆ ತಳ್ಳುವವರನ್ನು ಹಾಸ್ಟೆಲಿನಲ್ಲಿ ದಿನವೂ ನೋಡುತ್ತೇನೆ. ಇದಕ್ಕೆ ದಾರಿಯೊಂದಿದೆ. ಮರದ ಹಲಗೆಯ ಮೇಲೆ ಬರೆಯುವುದು, ಕಟ್ಟನ್ನು ನಾವೇ ಮಾಡಿಕೊಳ್ಳುವುದು. ದುಡ್ಡು ಉಳಿಯುವುದು ಇದರ ಸಣ್ಣ ಲಾಭ. ಕೈಗೆ ಬರುವ ಅರಿವು ದೊಡ್ಡ ಲಾಭ.

ಹಲಗೆಯ ಮೇಲಿನ ಚಿತ್ರ ಹೊಸ ಫ್ಯಾಷನ್ ಏನಲ್ಲ. ಮೊನಾಲಿಸಾ ಕ್ಯಾನ್ವಾಸ್ ಮೇಲಿದೆ ಎಂದು ನನ್ನ ಗೆಳೆಯರಲ್ಲಿ ಅನೇಕರು ನಂಬಿದ್ದಾರೆ. ಲಿಯೊನಾರ್ಡೊ ಅದನ್ನು ಬರೆದದ್ದು 77 ಸೆಂ.ಮೀ. ಎತ್ತರ, 53 ಸೆಂ.ಮೀ. ಅಗಲದ ಪಾಪ್ಲರ್ ಮರದ ಹಲಗೆಯ ಮೇಲೆ. ಐನೂರು ವರ್ಷ ಕಳೆದ ಆ ಹಲಗೆ ಸ್ವಲ್ಪ ಬಾಗಿದೆ, ಮೇಲಂಚಿನಿಂದ ಒಂದು ಬಿರುಕೂ ಇಳಿದಿದೆ. ನಮ್ಮಲ್ಲೂ ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರ ಮರದ ಗೊಂಬೆಗೆ ನೇರವಾಗಿ ಬಣ್ಣ ಬಳಿಯುವುದಿಲ್ಲ. ಹುಣಸೆ ಬೀಜದ ಅಂಟಿಗೆ ಮರದ ಹೊಟ್ಟು ಬೆರೆಸಿದ ಹದವನ್ನು ಮೊದಲು ಮೆತ್ತಿ, ಮೈ ನಯ ಮಾಡಿಕೊಂಡ ಮೇಲಷ್ಟೇ ಬಣ್ಣದ ಮಾತು. ಮರವನ್ನು ಬಲ್ಲವರು ಅದರ ಸ್ವಭಾವಕ್ಕೆ ತಕ್ಕಂತೆ ನಡೆದುಕೊಳ್ಳುತ್ತಾರೆ.

ಆ ಸ್ವಭಾವ ಏನು? ಕಡಿದು ಹಲಗೆಯಾದ ಮೇಲೂ ಮರ ಗಾಳಿಯ ತೇವ ಕುಡಿಯುತ್ತದೆ, ಬಿಡುತ್ತದೆ. ಕುಡಿದಾಗ ಹಿಗ್ಗುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಈ ಬದಲಾವಣೆ ಇಲ್ಲವೆನ್ನುವಷ್ಟು ಕಡಿಮೆ, ಎಳೆಗೆ ಅಡ್ಡಲಾಗಿ ಎದ್ದು ಕಾಣುವಷ್ಟು ಹೆಚ್ಚು. ಪ್ಲೈವುಡ್ ಮಾಡುವಾಗ ಒಂದು ಪದರದ ಎಳೆಗೆ ಇನ್ನೊಂದು ಪದರವನ್ನು ಅಡ್ಡಡ್ಡ ಅಂಟಿಸುವುದು ಇದೇ ಕಾರಣಕ್ಕೆ. ಒಂದರ ಓಟವನ್ನು ಇನ್ನೊಂದು ತಡೆಯುತ್ತದೆ.

ಚಿತ್ರಕಲೆ ಓದುತ್ತಿರುವ ನನ್ನ ಅಕ್ಕ ಇದನ್ನು ಪುಸ್ತಕವಿಲ್ಲದೆ ತೋರಿಸಿಕೊಟ್ಟಳು. ಸಾಗರದ ನಮ್ಮ ಮನೆಯಲ್ಲಿ ಹಳೆಯ ಹಲಸಿನ ಹಲಗೆಯೊಂದನ್ನು ಎರಡು ತುಂಡು ಮಾಡಿ, ಒಂದಕ್ಕೆ ಮುಂಭಾಗ ಮಾತ್ರ ಪ್ರೈಮರ್ ಬಳಿದಳು, ಇನ್ನೊಂದಕ್ಕೆ ಹಿಂದೆ ಮುಂದೆ ಅಂಚು ಎಲ್ಲಕ್ಕೂ. ಎರಡನ್ನೂ ಮಳೆಗಾಲವಿಡೀ ಜಗಲಿಯ ಗೋಡೆಗೆ ಒರಗಿಸಿಟ್ಟಳು. ಆಗಸ್ಟ್ ಹೊತ್ತಿಗೆ ಮೊದಲನೆಯದು ಮೊರದಂತೆ ಬಾಗಿತ್ತು, ಎರಡನೆಯದು ಹೆಚ್ಚುಕಡಿಮೆ ಇದ್ದಂತೆಯೇ ಇತ್ತು. ತೇವ ಒಂದೇ ಕಡೆಯಿಂದ ನುಗ್ಗಿದರೆ ಆ ಕಡೆ ಮಾತ್ರ ಹಿಗ್ಗುತ್ತದೆ, ಹಲಗೆ ಬಾಗದೆ ಇನ್ನೇನು ಮಾಡೀತು? ಆಮೇಲೆ ಅವಳು ಮರದ ಗಂಟುಗಳನ್ನು ಮುಚ್ಚುವುದನ್ನೂ ಬಿಟ್ಟಳು. ಒಂದು ಚಿತ್ರದಲ್ಲಿ ಗಂಟು ಕೋಣದ ಕಣ್ಣಾಯಿತು, ಇನ್ನೊಂದರಲ್ಲಿ ಎಳೆಗಳ ಸಾಲೇ ಶರಾವತಿಯ ನೀರಾಯಿತು.

ಕಟ್ಟಿನ ಲೆಕ್ಕವೂ ಕಷ್ಟವಲ್ಲ. ನಾಲ್ಕು ಪಟ್ಟಿಗಳ ತುದಿಗಳನ್ನು 45 ಡಿಗ್ರಿಗೆ ಕೊಯ್ಯಬೇಕು, ಎದುರುಬದುರು ಪಟ್ಟಿಗಳು ಉದ್ದದಲ್ಲಿ ಸಮ ಇರಬೇಕು. ಅಂಟು ಒಣಗುವ ಮೊದಲು ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಬೇಕು. ಎರಡೂ ಸಮ ಬಂದರೆ ಕಟ್ಟು ಚೌಕಕ್ಕೆ ಕೂತಿದೆ ಎಂದರ್ಥ. ಹೈಸ್ಕೂಲಿನ ರೇಖಾಗಣಿತ ಇಷ್ಟು ಚಂದವಾಗಿ ಉಪಯೋಗಕ್ಕೆ ಬರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಮುಖ್ಯ ಮಾತೆಂದರೆ, ಹಲಗೆಯನ್ನು ಕಟ್ಟಿಗೆ ಅಂಟಿಸಬಾರದು. ಸುತ್ತ ಎರಡು ಮಿಲಿಮೀಟರ್ ಸಂದು ಬಿಟ್ಟು, ಹಿಂದಿನಿಂದ ತಗಡಿನ ತುಂಡುಗಳಿಂದ ಸಡಿಲವಾಗಿ ಹಿಡಿಸಬೇಕು. ಬಿಗಿಹಿಡಿದರೆ ಹಿಗ್ಗಲು ಜಾಗವಿಲ್ಲದೆ ಹಲಗೆ ಸೀಳುತ್ತದೆ, ಇಲ್ಲವೇ ಕಟ್ಟಿನ ಮೂಲೆ ಬಾಯಿ ಬಿಡುತ್ತದೆ.

ಮರಕ್ಕೆ ಎಲ್ಲಿ ಹೋಗುವುದು? ಸಾ ಮಿಲ್ಲಿನಲ್ಲಿ ಸಿಲ್ವರ್ ಓಕ್ ತುಂಡುಗಳು ಸಿಗುತ್ತವೆ. ವಿದೇಶದಿಂದ ಯಂತ್ರಗಳು ಬರುವ ಪೈನ್ ಪೆಟ್ಟಿಗೆಗಳೂ ಆಗುತ್ತವೆ. ಆದರೆ ಅವುಗಳ ಮೇಲಿನ ಮುದ್ರೆ ನೋಡಿ. ‘ಎಚ್‌ಟಿ’ ಎಂದಿದ್ದರೆ ಶಾಖ ಕೊಟ್ಟು ಹುಳು ಸಾಯಿಸಿದ ಮರ, ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲದ ಹೊಗೆ ಹಾಕಿದ ಮರ. ಎರಡನೆಯದನ್ನು ಮುಟ್ಟದಿರುವುದೇ ಕ್ಷೇಮ.

‘ಬಿ.ಇ. ಓದುವವನಿಗೆ ಬಡಗಿ ಕೆಲಸ ಯಾಕೆ?’ ಎಂದು ನೆಂಟರೊಬ್ಬರು ಕೇಳಿದರು. ಈ ಪ್ರಶ್ನೆಯೇ ನನಗೆ ಚುಚ್ಚುವುದು. ಕಂಪ್ಯೂಟರಿನಲ್ಲಿ ತೊಲೆಯ ಮೇಲಿನ ಭಾರವನ್ನು ಬಣ್ಣಬಣ್ಣವಾಗಿ ತೋರಿಸುವ ನಮಗೆ, ಕೈಯಲ್ಲಿರುವ ಹಲಗೆಯ ಎಳೆ ಯಾವ ಕಡೆಗಿದೆ ಎಂದು ಗೊತ್ತಾಗುವುದಿಲ್ಲ. ನಮ್ಮದೇ ಮಲೆನಾಡಿನ ಗುಡಿಗಾರರು ಗಂಧದ ಮರದ ಮನಸ್ಸನ್ನೇ ಓದುತ್ತಾರೆ. ಅವರನ್ನು ಕುಶಲಕರ್ಮಿ ಎಂದು ವೇದಿಕೆಯಲ್ಲಿ ಹೊಗಳಿ, ಮಗ ಉಳಿ ಹಿಡಿದರೆ ಮನೆಯಲ್ಲಿ ಮುಖ ಗಂಟಿಕ್ಕುವುದು ಯಾವ ನ್ಯಾಯ? ಕೈಕೆಲಸ ಕೀಳು ಎಂಬ ಹಳೆಯ ಮೈಲಿಗೆ ಡಿಗ್ರಿಯ ವೇಷ ಹಾಕಿಕೊಂಡು ನಮ್ಮ ನಡುವೆ ಇನ್ನೂ ಓಡಾಡುತ್ತಿದೆ.

ಎಷ್ಟೋ ಕಾಲೇಜುಗಳಲ್ಲಿ ವರ್ಕ್‌ಶಾಪ್ ಇದೆ. ವೈಸ್, ಗರಗಸ, ಮೂಲೆಮಟ್ಟ ಎಲ್ಲವೂ ಇವೆ. ಪ್ರಾಕ್ಟಿಕಲ್ ಪರೀಕ್ಷೆ ಮುಗಿದರೆ ಬಾಗಿಲಿಗೆ ಬೀಗ. ಶನಿವಾರ ಮಧ್ಯಾಹ್ನ ಎರಡು ಗಂಟೆ, ಇನ್‌ಸ್ಟ್ರಕ್ಟರ್ ಒಬ್ಬರ ಕಣ್ಗಾವಲಿನಲ್ಲಿ, ಯಾವ ವಿಭಾಗದ ವಿದ್ಯಾರ್ಥಿಯೇ ಆಗಲಿ ಬರಲಿ ಎಂದು ಆ ಬಾಗಿಲು ತೆರೆದರೆ ಸಾಕು. ಅಂಕ ಬೇಡ, ಸರ್ಟಿಫಿಕೇಟ್ ಬೇಡ. ಊರಿನ ಬಡಗಿಯೊಬ್ಬರನ್ನು ಗೌರವಧನ ಕೊಟ್ಟು ಕರೆಸಿದರೆ ಇನ್ನೂ ಒಳ್ಳೆಯದು. ಗುರುಗಳ ಸ್ಥಾನದಲ್ಲಿ ಅವರು ನಿಂತರೆ ನೆಂಟರ ಪ್ರಶ್ನೆಗೂ ಉತ್ತರ ಸಿಕ್ಕೀತು.

ಅಲ್ಲಿಯವರೆಗೆ ಕಾಯಬೇಕಿಲ್ಲ. ಒಂದು ಹಲಗೆ, ಒಂದು ಗರಗಸ, ಸ್ವಲ್ಪ ತಾಳ್ಮೆ ಇದ್ದರೆ ಈ ರಜೆಯಲ್ಲೇ ಶುರುಮಾಡಬಹುದು. ಮೊದಲ ಕಟ್ಟಿನ ಮೂಲೆಯಲ್ಲಿ ಒಂದಿಷ್ಟು ಸಂದು ಕಂಡರೆ ಕಾಣಲಿ ಬಿಡಿ. ಮಂಚದ ಕೆಳಗಿನ ಚಿತ್ರ ಗೋಡೆಗೆ ಬಂತಲ್ಲ!